ರಾತ್ರಿಪಾಳಿಯವರಿಗೆ ಕೇಳಿಸಿದ್ದು ನನಗೆ ಕೇಳಿಸಲಿಲ್ಲ: ಕಟ್ಟಡ ನಿರ್ವಹಣೆ ತಂಡದಲ್ಲಿ ಆಲಿಸುವುದರ ಬಗ್ಗೆ

ಬೀಗದಕೈ (ಚರ್ಚೆ ಆರಂಭಿಸಿದವರು)

14 ವರ್ಷದಿಂದ ವಸತಿ ಸಮುಚ್ಚಯಗಳ ನಿರ್ವಹಣೆ ಮಾಡುತ್ತಿದ್ದೇನೆ. ಈಗಿರುವ ಜಾಗದಲ್ಲಿ 3 ಬ್ಲಾಕುಗಳಿವೆ, ತಂಡದಲ್ಲಿ 22 ಜನರಿದ್ದಾರೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಎಲೆಕ್ಟ್ರಿಷಿಯನ್, ಪ್ಲಂಬರ್, ತೋಟದವರು ಎಲ್ಲ ಸೇರಿ. ಇತ್ತೀಚೆಗೆ ನಡೆದ ಒಂದು ಸಂಗತಿ ಮನಸ್ಸನ್ನು ಬಿಟ್ಟು ಹೋಗುತ್ತಿಲ್ಲ. ಇದೇ ಕೆಲಸದಲ್ಲಿರುವವರ ಮುಂದೆ ಹೇಳಿಕೊಂಡರೆ ಏನಾದರೂ ದಾರಿ ಕಾಣಬಹುದು ಅಂತ ಬರೆಯುತ್ತಿದ್ದೇನೆ.

ಒಂದು ದಿನ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುತ್ತಿದ್ದೆ. ರಾತ್ರಿಪಾಳಿ ಮುಗಿಸಿ ಹೊರಟಿದ್ದ ಗಾರ್ಡ್ ಬಂದು ನಿಂತರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. "ಸರ್, ಪಂಪ್ ರೂಮಲ್ಲಿ ರಾತ್ರಿ ಪೂರ್ತಿ ಟಕ್ ಟಕ್ ಅಂತಿರುತ್ತೆ" ಅಂದರು.

"ನೀರು ಬರ್ತಿದೆಯಲ್ಲ?" ಅಂದೆ.

"ಬರ್ತಿದೆ ಸರ್."

"ಹಾಗಾದ್ರೆ ಸರಿ, ನೋಡೋಣ."

ಅಷ್ಟೇ ನಡೆದದ್ದು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಐದೂವರೆಗೆ ಮೋಟಾರ್ ಸುಟ್ಟುಹೋಯಿತು. ಒಂದು ಇಡೀ ಬ್ಲಾಕಿಗೆ ಮಧ್ಯಾಹ್ನದವರೆಗೂ ನೀರಿಲ್ಲ. ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಿಗೆ ಹುಡುಗರು ಬಕೆಟ್‌ನಲ್ಲಿ ನೀರು ಹೊತ್ತರು.

ಪ್ಲಂಬರ್ ಬಂದು ಪ್ರೆಷರ್ ಟ್ಯಾಂಕಿನ ತಲೆ ಮೇಲಿನ ಗಾಳಿ ವಾಲ್ವಿನ ಮುಚ್ಚಳ ಬಿಚ್ಚಿ, ಉಗುರಿನಿಂದ ಪಿನ್ ಒತ್ತಿದ. ಅಲ್ಲಿಂದ ಗಾಳಿ ಬರಬೇಕು. ಚಿಳ್ ಅಂತ ನೀರು ಚಿಮ್ಮಿತು. ಒಳಗಿನ ರಬ್ಬರ್ ಬ್ಲಾಡರ್ ಹರಿದಿತ್ತು. ಬ್ಲಾಡರ್ ಹರಿದು ಗಾಳಿ ಹೋದರೆ ಒತ್ತಡ ಹಿಡಿದಿಡುವ ಮೆತ್ತೆಯೇ ಇರುವುದಿಲ್ಲ. ಯಾರೋ ಒಬ್ಬರು ನಲ್ಲಿ ತಿರುಗಿಸಿದರೂ ಒತ್ತಡ ಇಳಿದು ಪಂಪ್ ಶುರುವಾಗುತ್ತದೆ, ಕೆಲವೇ ಕ್ಷಣದಲ್ಲಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ನೇರವಾಗಿ ಚಾಲೂ ಆಗುವ ಮೋಟಾರ್ ಪ್ರತಿ ಸಲ ಶುರುವಾಗುವಾಗ ಮಾಮೂಲಿಗಿಂತ ಸುಮಾರು 6 ಪಟ್ಟು ಕರೆಂಟ್ ಎಳೆಯುತ್ತದೆ. ಗಂಟೆಗೆ ಹತ್ತು ಸಲ ಆಗಬೇಕಾದ್ದು ನೂರಾರು ಸಲ ಆದರೆ ಮೋಟಾರಿನೊಳಗಿನ ತಂತಿಸುರುಳಿ (ವೈಂಡಿಂಗ್) ಕಾದು ಕಾದು ಸುಡದೆ ಇನ್ನೇನು ಮಾಡೀತು?

ಆ ಟಕ್ ಟಕ್ ಅಂದರೆ ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಕೂಡಿ ಬಿಡುವ ಸದ್ದು. ಆಮೇಲೆ ಗಾರ್ಡ್ ಹತ್ತಿರ ಹೋಗಿ ಕೂತು ಕೇಳಿದೆ. "ಎಷ್ಟೊತ್ತಿಗೊಂದು ಸಲ ಬರ್ತಿತ್ತು?" ಅಂದದ್ದಕ್ಕೆ, "ಹತ್ತು ಎಣಿಸೋದ್ರೊಳಗೆ ಒಂದ್ಸಲ ಸರ್, ಎರಡು ದಿನ ಎಣಿಸಿ ನೋಡಿದ್ದೆ" ಅಂದರು. ಎಣಿಸಿದ್ದರು! ರೋಗದ ಲಕ್ಷಣವನ್ನು ಪೂರ್ತಿ ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದಿದ್ದರು. ನಾನು ಕೇಳಿದ ಪ್ರಶ್ನೆ ವಿಷಯ ತಿಳಿದುಕೊಳ್ಳೋಕಲ್ಲ, ಮುಗಿಸೋಕೆ ಕೇಳಿದ್ದು. ಅದೇ ನನ್ನನ್ನು ಚುಚ್ಚುತ್ತಿರುವುದು.

ಲಾಗ್ ಬುಕ್ ತೆಗೆದು ನೋಡಿದೆ. ಮೊದಲ ರಾತ್ರಿ: "ಪಂಪ್ ಸದ್ದು, ಸಾಹೇಬರಿಗೆ ತಿಳಿಸಿದೆ." ಆಮೇಲಿನ ಎಂಟು ರಾತ್ರಿ: "ಎಲ್ಲ ಸರಿ."

ತಂಡ ನಡೆಸುವವರು ಆಲಿಸುವುದನ್ನು ಹೇಗೆ ಕಲಿತಿರಿ, ಹೇಗೆ ಅಭ್ಯಾಸ ಮಾಡಿಕೊಂಡಿರಿ ಅಂತ ಹೇಳಿ. ತಾಳ್ಮೆ ಬೇಕು ಅನ್ನುವಂಥ ಮಾತು ಬೇಡ. ನೀವು ನಿಜವಾಗಿ ಏನು ಮಾಡುತ್ತೀರಿ ಅನ್ನುವುದು ಬೇಕು.

---

ಮಹಡಿಮೆಟ್ಟಿಲು

ಸರ್, ನಾನು ಹೌಸ್‌ಕೀಪಿಂಗ್ ಮೇಲ್ವಿಚಾರಕಿ. ಮೊದಲು ಆರು ವರ್ಷ ನಾನೇ ಪೊರಕೆ ಹಿಡಿದು ಮಹಡಿ ಗುಡಿಸಿದವಳು. ಹಾಗಾಗಿ ಎರಡೂ ಕಡೆಯಿಂದ ಗೊತ್ತು.

ನಿಮ್ಮ ಲಾಗ್ ಬುಕ್ಕಿನ "ಎಲ್ಲ ಸರಿ" ಓದಿ ಹೊಟ್ಟೆ ಕಿವುಚಿದಂತಾಯಿತು. ನಾವೂ ಹಾಗೇ ಬರೆಯುತ್ತಿದ್ದೆವು. ಕೆಳಗಿನವರು ಸುಮ್ಮನಾಗೋಕೆ ಹೆದರಿಕೆಯೇ ಕಾರಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆದರಿಕೆ ಇದ್ದದ್ದೇ. ಆದರೆ ನಾನು ಕಂಡ ದೊಡ್ಡ ಕಾರಣ ಬೇರೆ: ಹೇಳಿದವರ ತಲೆಗೇ ಕೆಲಸ ಬೀಳುತ್ತದೆ. "ಟೆರೇಸ್ ಬಾಗಿಲ ಹತ್ತಿರ ನೀರು ನಿಲ್ಲುತ್ತೆ" ಅಂದರೆ "ಸರಿ, ನೀನೇ ದಿನಾ ತಳ್ಳಿಬಿಡು" ಅನ್ನುತ್ತಾರೆ. ಎರಡು ಸಲ ಹೀಗಾದರೆ ಮೂರನೇ ಸಲ ಯಾರು ಬಾಯಿ ಬಿಡುತ್ತಾರೆ?

ಒಂದು ಘಟನೆ ಹೇಳುತ್ತೇನೆ. ಒಂದು ಮಹಡಿಯಲ್ಲಿ ಖಾಲಿ ಬಿದ್ದ ಫ್ಲ್ಯಾಟ್ ಇತ್ತು. ಅದರ ಮುಂದಿನ ಪ್ಯಾಸೇಜ್ ಗುಡಿಸುವ ನಮ್ಮ ಅಕ್ಕ "ಅಲ್ಲಿ ಮೋರಿ ವಾಸನೆ" ಅಂತ ಹೇಳುತ್ತಲೇ ಇದ್ದರು. ಆಗಿನ ಮ್ಯಾನೇಜರ್ ಫಿನಾಯಿಲ್ ಜಾಸ್ತಿ ಹಾಕಿ ಅಂದರು. ಆಮೇಲೆ ಸುವಾಸನೆಯ ಸ್ಪ್ರೇ ತರಿಸಿದರು. ವಾಸನೆ ಹೋಗಲಿಲ್ಲ. ನಾನು ಮೇಲ್ವಿಚಾರಕಿ ಆದಮೇಲೆ ಆ ಅಕ್ಕನ ಜೊತೆ ಅಲ್ಲಿಗೆ ಹೋಗಿ ನಿಂತು, "ಯಾವಾಗಿಂದ ಅಕ್ಕ?" ಅಂತ ಕೇಳಿದೆ. "ಆ ಮನೆಯವರು ಖಾಲಿ ಮಾಡಿದ ಒಂದು ತಿಂಗಳಿಗೆ" ಅಂದರು. ಇನ್ನೇನು ಬೇಕು? ಬೀಗ ತೆಗೆಸಿ ನೋಡಿದರೆ ಬಚ್ಚಲಿನ ಫ್ಲೋರ್ ಟ್ರ್ಯಾಪ್, ಅಂದರೆ ನೀರು ಹೋಗುವ ಕಿಂಡಿಯ ಕೆಳಗಿನ ಬಾಗಿದ ಕೊಳವೆ, ಪೂರ್ತಿ ಒಣಗಿತ್ತು. ಟ್ರ್ಯಾಪಿನ ಬಾಗಿನಲ್ಲಿ ನಿಲ್ಲುವ ನೀರೇ ಕೊಳವೆಯ ಗಾಳಿಯನ್ನು ತಡೆಯುವ ಬಾಗಿಲು. ಬಳಸದೆ ಬಿಟ್ಟರೆ ಅದು ಆವಿಯಾಗಿ ಹೋಗುತ್ತದೆ. ಒಂದು ಬಕೆಟ್ ನೀರು ಹೊಯ್ದೆವು, ವಾಸನೆ ನಿಂತಿತು. ಈಗ ಖಾಲಿ ಫ್ಲ್ಯಾಟುಗಳಿಗೆ ಎರಡು ವಾರಕ್ಕೊಮ್ಮೆ ನೀರು ಹೊಯ್ಯುವುದು ನಮ್ಮ ಪಟ್ಟಿಯಲ್ಲಿದೆ.

ಆ ಅಕ್ಕನಿಗೆ ಟ್ರ್ಯಾಪ್ ಅನ್ನುವ ಹೆಸರು ಗೊತ್ತಿರಲಿಲ್ಲ. ಯಾವಾಗ ಶುರುವಾಯಿತು ಅನ್ನುವುದು ಗೊತ್ತಿತ್ತು. ಅದನ್ನು ಒಬ್ಬರೂ ಕೇಳಿರಲಿಲ್ಲ.

---

ಐದುಸೈಟು

ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು, ಆದರೂ ಹೇಳುತ್ತೇನೆ. ನಾನು ಐದು ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಎಲ್ಲ ಸೇರಿ ದಿನಕ್ಕೆ 60ರ ಮೇಲೆ ದೂರು ಬರುತ್ತವೆ. ಒಬ್ಬೊಬ್ಬರ ಪಕ್ಕ ಕೂತು "ಯಾವಾಗಿಂದ, ಹೇಗೆ" ಅಂತ ಕೇಳುತ್ತಾ ಹೋದರೆ ಗುತ್ತಿಗೆದಾರರ ಬಿಲ್ ಯಾರು ನೋಡಬೇಕು, ಅಗ್ನಿಸುರಕ್ಷತೆಯ ತಪಾಸಣೆ ಯಾರು ಮಾಡಿಸಬೇಕು? ಆ್ಯಪ್‌ನಲ್ಲಿ ದೂರು ದಾಖಲಿಸುವ ಟಿಕೆಟ್ ವ್ಯವಸ್ಥೆ ಇರುವುದೇ ಅದಕ್ಕೆ. ಎಲ್ಲರೂ ಅದರಲ್ಲಿ ಹಾಕಲಿ, ಆದ್ಯತೆ ಪ್ರಕಾರ ಕೆಲಸ ಆಗಲಿ. ಪಂಪ್ ಸದ್ದು ಟಿಕೆಟ್‌ಗೆ ಬಂದಿದ್ದರೆ ತಂತ್ರಜ್ಞರು ನೋಡುತ್ತಿದ್ದರು. ಬೀಗದಕೈ ಅವರೇ, ನಿಮ್ಮಲ್ಲಿ ಇದ್ದ ಕೊರತೆ ವ್ಯವಸ್ಥೆಯದ್ದು. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡಿ.

---

ಬೀಗದಕೈ

ನಿಮ್ಮ ಕಷ್ಟ ಅರ್ಥವಾಗುತ್ತದೆ ಸರ್. ಆದರೆ ನಮ್ಮಲ್ಲೂ ಟಿಕೆಟ್ ಇದೆ. ನಮ್ಮ ಗಾರ್ಡ್ ಹತ್ತಿರ ಆ ಆ್ಯಪ್ ಇಲ್ಲ, ಹೌಸ್‌ಕೀಪಿಂಗ್‌ನವರ ಹತ್ತಿರವೂ ಇಲ್ಲ. ನಿವಾಸಿಗಳಿಗೆ ಇದೆ, ಮೇಲ್ವಿಚಾರಕರಿಗೆ ಇದೆ. ಅಂದರೆ ರಾತ್ರಿ ಎರಡು ಗಂಟೆಗೆ ಪಂಪ್ ರೂಮಿನ ಪಕ್ಕ ಎಚ್ಚರವಿರುವ ಒಬ್ಬನೇ ಮನುಷ್ಯನಿಗೆ ಬಾಯಿಲ್ಲದಂತೆ ನಾವೇ ವ್ಯವಸ್ಥೆ ಮಾಡಿದ್ದೇವೆ. ಅವರು ಹಾಕಿದ್ದರೂ "ಪಂಪ್ ಸದ್ದು" ಅನ್ನುವ ಎರಡು ಪದ ಬರುತ್ತಿತ್ತು. "ಹತ್ತು ಎಣಿಸೋದ್ರೊಳಗೆ ಒಂದ್ಸಲ" ಅನ್ನುವುದು ಆ ಪೆಟ್ಟಿಗೆಯಲ್ಲಿ ಹಿಡಿಸುತ್ತಿರಲಿಲ್ಲ.

---

ಲಿಫ್ಟ್‌ಕೋಣೆ

ಲಿಫ್ಟ್ ಮೆಕ್ಯಾನಿಕ್ ನಾನು. ನಿರ್ವಹಣೆ ಗುತ್ತಿಗೆಯಲ್ಲಿ ಹತ್ತಾರು ಕಟ್ಟಡ ಸುತ್ತುತ್ತೇನೆ. ಮ್ಯಾನೇಜರ್ ಕೇಳಿಸಿಕೊಳ್ಳುವವರೋ ಅಲ್ಲವೋ ಅನ್ನುವುದು ಅವರು ಮಾಡುವ ಫೋನಿನಲ್ಲೇ ತಿಳಿಯುತ್ತದೆ.

ಒಬ್ಬರು "ಲಿಫ್ಟ್ ಕೆಟ್ಟಿದೆ, ಬೇಗ ಬಾ" ಅನ್ನುತ್ತಾರೆ. ಇನ್ನೊಬ್ಬರು "ನಾಲ್ಕನೇ ಮಹಡಿಯಲ್ಲಿ ಮಾತ್ರ ಬಾಗಿಲು ಮುಚ್ಚೋಕೆ ಹೋಗಿ ಮತ್ತೆ ತೆಗೆದುಕೊಳ್ಳುತ್ತಂತೆ, ಬೇರೆ ಮಹಡಿಯಲ್ಲಿ ಸರಿ ಇದೆಯಂತೆ" ಅನ್ನುತ್ತಾರೆ. ಎರಡನೆಯವರು ನನ್ನ ಅರ್ಧ ಕೆಲಸ ಮುಗಿಸಿದ ಹಾಗೆ. ಒಂದೇ ಮಹಡಿಯಲ್ಲಿ ಆದರೆ ಆ ಮಹಡಿಯ ಹೊರಬಾಗಿಲು, ಅದರ ಹೊಸ್ತಿಲ ಸಂದಿಯಲ್ಲಿ ಕಲ್ಲೋ ಕಸವೋ ಸಿಕ್ಕಿರುವುದು, ಅಥವಾ ಅಲ್ಲಿನ ಲಾಕ್ ನೋಡಬೇಕು. ಎಲ್ಲ ಮಹಡಿಯಲ್ಲೂ ಆದರೆ ಲಿಫ್ಟ್ ಪೆಟ್ಟಿಗೆಯದೇ ಬಾಗಿಲು, ಇಲ್ಲ ಸೆನ್ಸರ್. ಆ "ಮಾತ್ರ" ಅನ್ನುವ ಒಂದು ಪದಕ್ಕೆ ಅಷ್ಟು ಬೆಲೆ.

ಆ ಮಾತು ಮೊದಲು ಯಾರ ಬಾಯಿಂದ ಬಂದಿರುತ್ತದೆ ಅಂತ ನಾನು ಯಾವಾಗಲೂ ಕೇಳುತ್ತೇನೆ. ಹತ್ತಕ್ಕೆ ಎಂಟು ಸಲ ಗುಡಿಸುವವರು, ಪೇಪರ್ ಹಾಕುವ ಹುಡುಗ, ಇಲ್ಲವೇ ಶಾಲೆಯಿಂದ ಬರುವ ಮಕ್ಕಳು.

ಒಂದು ವಿನಂತಿ. ದೂರನ್ನು ದಯವಿಟ್ಟು ನಿಮ್ಮ ಭಾಷೆಗೆ ತಿದ್ದಬೇಡಿ. "ಕುಕ್ಕುತ್ತೆ" ಅಂದರೆ ಕುಕ್ಕುತ್ತೆ ಅಂತಲೇ ಬರೆಯಿರಿ. ನೀವು ಅದನ್ನು "ಲಿಫ್ಟ್ ಕಾರ್ಯಾಚರಣೆಯಲ್ಲಿ ತೊಂದರೆ" ಅಂತ ಬರೆದ ಕೂಡಲೇ ನನಗೆ ಬೇಕಾದ್ದು ಅಳಿಸಿಹೋಗುತ್ತದೆ. ನಿಲ್ಲುವಾಗ ಕುಕ್ಕುವುದು ಬೇರೆ, ಹೊರಡುವಾಗ ಜಗ್ಗುವುದು ಬೇರೆ, ಮಹಡಿಗಿಂತ ಎರಡು ಬೆರಳು ಕೆಳಗೆ ನಿಲ್ಲುವುದು ಬೇರೆ.

---

ಕಾರ್ಯದರ್ಶಿ

ಲಿಫ್ಟ್‌ಕೋಣೆ ಅವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮ ನಿವಾಸಿಗಳ ಸಂಘದಲ್ಲಿ ಒಬ್ಬ ಅಜ್ಜಿ ಬಚ್ಚಲಿನ ಚಾವಣಿ ಒದ್ದೆಯಾಗುತ್ತದೆ ಅಂತ ಒಂದು ವರ್ಷ ಓಡಾಡಿದರು. ಮೂವರು ಪ್ಲಂಬರ್ ಬಂದು ನೋಡಿ, ಮೇಲಿನ ಮನೆಯ ನೀರಿನ ಪೈಪ್ ಪರೀಕ್ಷೆ ಮಾಡಿ, ಸೋರಿಕೆ ಇಲ್ಲ ಅಂತ ಹೇಳಿ ಹೋದರು. ಅಜ್ಜಿ ಸುಮ್ಮನೆ ಗಲಾಟೆ ಮಾಡುತ್ತಾರೆ ಅನ್ನುವ ಮಾತು ಹಬ್ಬಿತು. ಹೊಸದಾಗಿ ಬಂದ ಮ್ಯಾನೇಜರ್ ಅವರ ಮನೆಗೆ ಹೋಗಿ ಅವರ ಮಾತು ಪೂರ್ತಿ ಕೇಳಿದರು. ಮಧ್ಯೆ ಬಾಯಿ ಹಾಕಲಿಲ್ಲ. ಇಪ್ಪತ್ತು ನಿಮಿಷದ ಮಾತಿನಲ್ಲಿ ಮೊಮ್ಮಗನ ಪರೀಕ್ಷೆ, ಮಂಡಿನೋವು ಎಲ್ಲ ಬಂತು. ಅದರ ನಡುವೆ "ಭಾನುವಾರ ಸಂಜೆ ಜಾಸ್ತಿ" ಅನ್ನುವುದೂ ಬಂತು.

ಕೊಳಾಯಿಗೆ ನೀರು ತರುವ ಪೈಪ್ ಸೋರಿದರೆ ಹಗಲೂ ರಾತ್ರಿ ಸೋರುತ್ತಲೇ ಇರುತ್ತದೆ, ಯಾಕೆಂದರೆ ಅದರಲ್ಲಿ ಒತ್ತಡ ಯಾವಾಗಲೂ ಇರುತ್ತದೆ. ಬಿಟ್ಟು ಬಿಟ್ಟು ಆದರೆ ಅದು ಹೊರಹೋಗುವ ಪೈಪು, ನೀರು ಬಿಟ್ಟಾಗ ಮಾತ್ರ ಸೋರುವುದು. ಮೇಲಿನ ಮನೆಯವರು ಭಾನುವಾರ ವಾಶಿಂಗ್ ಮೆಷಿನ್‌ನಲ್ಲಿ ವಾರದ ಬಟ್ಟೆಯೆಲ್ಲ ಒಗೆಯುತ್ತಿದ್ದರು. ಅದರ ನೀರು ಹೋಗುವ ಪೈಪಿನ ಜೋಡಣೆ ಬಿಟ್ಟಿತ್ತು. ಪ್ಲಂಬರ್‌ಗಳೆಲ್ಲ ಬಂದದ್ದು ವಾರದ ದಿನ.

ಅಜ್ಜಿ ಅದನ್ನು ಮೊದಲೇ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳಿದ್ದರು. ಯಾರೂ ಅಲ್ಲಿಯವರೆಗೆ ಕಾದು ಕೇಳಿರಲಿಲ್ಲ.

---

ಸುರಕ್ಷಾಪಾಠ

ನಾನು ಕಟ್ಟಡ ಸುರಕ್ಷತೆಯ ತರಬೇತಿ ಕೊಡುತ್ತೇನೆ. "ಅಜ್ಜಿ ಸುಮ್ಮನೆ ಗಲಾಟೆ ಮಾಡುತ್ತಾರೆ" ಅನ್ನುವ ಸಾಲಿನ ಮೇಲೆ ಕಣ್ಣು ನಿಂತುಬಿಟ್ಟಿತು. ಹೇಳುವವರ ಮೇಲೆ ಒಂದು ಹಣೆಪಟ್ಟಿ ಬಿದ್ದ ಗಳಿಗೆಯಿಂದ ಅವರು ಏನು ಹೇಳಿದರೂ ಕೇಳಿಸುವುದಿಲ್ಲ.

ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡಕ್ಕೆ 2017ರ ಜೂನ್ 14ರ ನಸುಕಿನಲ್ಲಿ ಬೆಂಕಿ ಬಿದ್ದು 72 ಜನ ಸತ್ತರು. ಬೆಂಕಿ ಅಷ್ಟು ಬೇಗ ಹಬ್ಬಿದ್ದಕ್ಕೆ ಹೊರಗೋಡೆಗೆ ಹೊದಿಸಿದ್ದ ಉರಿಯುವ ಹಾಳೆಗಳು ಮುಖ್ಯ ಕಾರಣ. ಆದರೆ ಅಲ್ಲಿನ ನಿವಾಸಿಗಳ ಗುಂಪೊಂದು ಅಗ್ನಿಸುರಕ್ಷತೆಯ ಬಗ್ಗೆ ವರ್ಷಗಟ್ಟಲೆ ಬರೆಯುತ್ತಲೇ ಇತ್ತು. ದೊಡ್ಡ ದುರಂತವೊಂದು ಆಗದೆ ನಿರ್ವಹಣೆಯವರ ಕಣ್ಣು ತೆರೆಯುವುದಿಲ್ಲ ಅಂತ 2016ರ ನವೆಂಬರಿನಲ್ಲೇ ಎಚ್ಚರಿಸಿತ್ತು. 2024ರ ಸೆಪ್ಟೆಂಬರಿನಲ್ಲಿ ಬಂದ ವಿಚಾರಣಾ ವರದಿ, ನಿರ್ವಹಣಾ ಸಂಸ್ಥೆ ಕೆಲವು ನಿವಾಸಿಗಳನ್ನು ತಂಟೆಕೋರರು ಅಂತ ನೋಡುತ್ತಿತ್ತು, ಇಬ್ಬರ ನಡುವೆ ನಂಬಿಕೆಯೇ ಉಳಿದಿರಲಿಲ್ಲ ಅನ್ನುವುದನ್ನು ದಾಖಲಿಸಿತು. ಆ ಸಂಸ್ಥೆಯೊಳಗೆ ಕೆಲಸ ಮಾಡುತ್ತಿದ್ದವರು ನನ್ನ ನಿಮ್ಮಂಥವರೇ ಇರಬೇಕು. ಮೇಜಿನ ಮೇಲೆ ಮತ್ತೆ ಅದೇ ಹೆಸರಿನ ದೂರು ಬಂದಾಗ ಅವರಿಗೆ ಏನನ್ನಿಸಿರಬಹುದು ಅಂತ ಊಹಿಸಬಲ್ಲೆ, ನನಗೂ ಹಾಗೆ ಅನ್ನಿಸಿದ ದಿನಗಳಿವೆ.

ಇನ್ನೊಂದು, ನನಗೆ ಇದಕ್ಕಿಂತ ಹತ್ತಿರವಾಗಿ ತಟ್ಟಿದ್ದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಬಾಡಿಗೆ ಫ್ಲ್ಯಾಟಿನ ಗೋಡೆಯ ಬೂಷ್ಟನ್ನು ಬಹುಕಾಲ ಉಸಿರಾಡಿದ್ದರಿಂದ ಬಂದ ಶ್ವಾಸಕೋಶದ ತೊಂದರೆ ಕಾರಣ ಅಂತ 2022ರ ನವೆಂಬರಿನಲ್ಲಿ ತೀರ್ಮಾನವಾಯಿತು. ತಂದೆ 2017ರಲ್ಲೇ ದೂರು ಕೊಟ್ಟಿದ್ದರು. ಮನೆ ಬಾಡಿಗೆಗೆ ಕೊಟ್ಟ ಸಂಸ್ಥೆಯವರು ಮೇಲೆ ಪೇಂಟ್ ಬಳಿಯಿರಿ ಅಂತ ಹೇಳಿ ಕಳಿಸಿದ್ದರು. ಆ ಮನೆಯವರ ಬದುಕುವ ರೀತಿಯೇ ಬೂಷ್ಟಿಗೆ ಕಾರಣ ಅಂತ ಮೊದಲೇ ಅಂದುಕೊಂಡಿದ್ದರು.

ಆ ಮಗುವಿನ ಹೆಸರಿನಲ್ಲೇ ಅಲ್ಲಿ ಈಗ ಕಾನೂನು ಇದೆ. 2025ರ ಅಕ್ಟೋಬರಿನಿಂದ ಸಾಮಾಜಿಕ ವಸತಿಯ (ಕಡಿಮೆ ಬಾಡಿಗೆಗೆ ಕೊಡುವ ಸಾರ್ವಜನಿಕ ಮನೆಗಳ) ಮಾಲೀಕರು ತುರ್ತು ಅಪಾಯವನ್ನು 24 ಗಂಟೆಯೊಳಗೆ ಸರಿಪಡಿಸಬೇಕು, ಗಂಭೀರವಾದ ತೇವ, ಬೂಷ್ಟಿನ ದೂರನ್ನು 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು. ಪರಿಶೀಲನೆ ಮುಗಿದ 3 ಕೆಲಸದ ದಿನಗಳಲ್ಲಿ ಏನು ಕಂಡಿತು ಅಂತ ಬಾಡಿಗೆದಾರರಿಗೆ ಬರಹದಲ್ಲಿ ತಿಳಿಸಬೇಕು. ಈ ಕೊನೆಯದನ್ನು ಗಮನಿಸಿ. ರಿಪೇರಿ ಮಾಡಿದರೆ ಸಾಲದು, ಹೇಳಿದವರ ಹತ್ತಿರ ವಾಪಸ್ ಹೋಗಿ ಉತ್ತರ ಕೊಡಬೇಕು ಅಂತ ಕಾನೂನೇ ಹೇಳಬೇಕಾಗಿ ಬಂತು.

---

ರಾತ್ರಿಗೇಟು

ನಾನು ಗಾರ್ಡ್. ಇಲ್ಲಿ ದೊಡ್ಡವರೆಲ್ಲ ಬರೆದಿದ್ದೀರಿ, ತಪ್ಪಿದ್ದರೆ ಕ್ಷಮಿಸಿ.

ನಾವು ಏನು ಹೇಳಿದರೂ ತಕ್ಷಣ ಆಗಿಬಿಡಬೇಕು ಅಂತ ಇಲ್ಲ ಸರ್. ಆಗಲ್ಲ ಅಂದರೂ ಪರವಾಗಿಲ್ಲ. "ನೀನು ಹೇಳಿದ್ದು ನೋಡಿದೆ, ಹಿಂಗಿಂಗಾಯ್ತು" ಅಂತ ಒಂದು ಮಾತು ಬಂದರೆ ಸಾಕು. ಹಿಂದಿನ ಗೇಟಿನ ಲೈಟ್ ಮಿಣುಕುತ್ತೆ ಅಂತ ಹೇಳಿದ್ದೆ. ಲೈಟ್ ಬದಲಾಯಿತು, ಅದು ನಾನು ಹೇಳಿದ್ದಕ್ಕೆ ಬದಲಾಯಿತೋ ಬೇರೆ ಯಾರೋ ಹೇಳಿದ್ದಕ್ಕೋ ಗೊತ್ತಾಗಲೇ ಇಲ್ಲ. ಗೊತ್ತಾಗಿದ್ದರೆ ಮುಂದಿನದನ್ನೂ ಹೇಳುತ್ತಿದ್ದೆ.

ಇನ್ನೊಂದು. ನಮ್ಮ ಪಾಳಿ ಮುಗಿಯುವುದು ಆರಕ್ಕೆ, ಸಾಹೇಬರು ಬರುವುದು ಒಂಬತ್ತೂವರೆಗೆ. ಅವರಿಗೆ ಹೇಳಬೇಕಂದರೆ ನಿದ್ದೆ ಬಿಟ್ಟು ಮೂರೂವರೆ ಗಂಟೆ ಕಾಯಬೇಕು. ಬೀಗದಕೈ ಸಾಹೇಬರ ಗಾರ್ಡ್ ಅವತ್ತು ಕಾದಿದ್ದಾರೆ ಅಂತ ಕಾಣುತ್ತೆ.

---

ಬೀಗದಕೈ

ಅಣ್ಣ, ಕ್ಷಮೆ ಯಾಕೆ ಕೇಳುತ್ತೀರಿ. ಈ ಚರ್ಚೆಯಲ್ಲಿ ಇಷ್ಟು ಹೊತ್ತಿಗೆ ನನಗೆ ತಟ್ಟಿದ ಮಾತು ನಿಮ್ಮದೇ. ಅವರು ಕಾದಿದ್ದರು ಅನ್ನುವುದು ನೀವು ಹೇಳುವವರೆಗೆ ನನಗೆ ಹೊಳೆದಿರಲಿಲ್ಲ.

---

ಹೊಸಮೇಲ್ವಿಚಾರಕಿ

ನಾನು ಈ ಕೆಲಸಕ್ಕೆ ಬಂದು ನಾಲ್ಕು ತಿಂಗಳು. ತಂಡದಲ್ಲಿ ಇರುವವರೆಲ್ಲ ನನಗಿಂತ ಹಿರಿಯರು, ಹೆಚ್ಚಿನವರು ಗಂಡಸರು. ನಾನು ಕೇಳುತ್ತಾ ಕೂತರೆ "ಇವರಿಗೆ ಏನೂ ಗೊತ್ತಿಲ್ಲ" ಅಂದುಕೊಳ್ಳುತ್ತಾರೆ ಅನ್ನುವ ಅಳುಕು. ಹಾಗಾಗಿ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕೇಳಿದರೆ ಒಪ್ಪಬೇಕಾಗುತ್ತದೆ ಅನ್ನುವ ಭಯವೂ ಇದೆ. ಎಲೆಕ್ಟ್ರಿಷಿಯನ್ ಅಣ್ಣ ಒಬ್ಬರು ಜನರೇಟರ್ ಪರೀಕ್ಷೆ ವಾರಕ್ಕೊಮ್ಮೆ ಬೇಡ, ತಿಂಗಳಿಗೊಮ್ಮೆ ಸಾಕು ಅನ್ನುತ್ತಿದ್ದಾರೆ. ಒಪ್ಪಲಾರೆ. ಆದರೆ ಮಾತು ತೆಗೆದರೆ ಜಗಳ ಆಗುತ್ತದೆ ಅಂತ ದೂರ ಓಡುತ್ತಿದ್ದೇನೆ. ಏನು ಮಾಡಲಿ?

---

ಸುರಕ್ಷಾಪಾಠ

ಆಲಿಸುವುದು ಬೇರೆ, ಒಪ್ಪುವುದು ಬೇರೆ. ಇದನ್ನು ಬಿಡಿಸಿ ನೋಡಿದರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಒಂದು ಕಟ್ಟಳೆ ಸೂಚಿಸಿದ್ದರು. ವಾದ ನಡೆಯುವಾಗ ನಿಮ್ಮ ಮಾತು ಹೇಳುವ ಮೊದಲು, ಎದುರಿನವರು ಹೇಳಿದ್ದನ್ನು ಅವರೇ "ಹೌದು, ನಾನು ಹೇಳಿದ್ದು ಅದೇ" ಅನ್ನುವಷ್ಟು ಸರಿಯಾಗಿ ನೀವು ಹೇಳಬೇಕು. ಆಮೇಲೆ ಮಾತ್ರ ನಿಮ್ಮ ಸರದಿ. ತರಬೇತಿಯಲ್ಲಿ ಇದನ್ನು ಮಾಡಿಸಿದ್ದೇನೆ. ಹತ್ತು ನಿಮಿಷದಲ್ಲಿ ಬೆವರುತ್ತಾರೆ, ಅಷ್ಟು ಕಷ್ಟ. ಒಂದೇ ಎಚ್ಚರಿಕೆ: ಅವರ ಪದಗಳನ್ನೇ ಗಿಣಿಪಾಠ ಒಪ್ಪಿಸಿದ ಹಾಗೆ ಹೇಳಿದರೆ ಅಣಕಿಸಿದಂತೆ ಕೇಳುತ್ತದೆ. ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, "ಅಲ್ವಾ ಅಣ್ಣ?" ಅಂತ ಕೇಳಿ.

ಆ ಎಲೆಕ್ಟ್ರಿಷಿಯನ್‌ಗೆ ವಾರದ ಪರೀಕ್ಷೆ ಯಾಕೆ ಬೇಡ ಅನ್ನಿಸಿದೆ ಅಂತ ಮೊದಲು ತಿಳಿದುಕೊಳ್ಳಿ. ಸೋಮಾರಿತನ ಅಂತ ನೀವು ಈಗಾಗಲೇ ನಿರ್ಧರಿಸಿದ್ದೀರಿ ಅಂತ ನನಗೆ ಅನುಮಾನ.

ಇನ್ನೊಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ಅಮೆರಿಕದ ಹಾಥಾರ್ನ್ ಎಂಬ ದೊಡ್ಡ ಕಾರ್ಖಾನೆಯಲ್ಲಿ 1928ರಿಂದ ಎರಡು ವರ್ಷ 20,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಿದರು. ಶುರುವಿನಲ್ಲಿ ಪ್ರಶ್ನೆಪಟ್ಟಿ ಹಿಡಿದು ಹೋಗುತ್ತಿದ್ದರು. ಕೆಲಸಗಾರರು ಪ್ರಶ್ನೆ ಬಿಟ್ಟು ತಮಗೆ ಮುಖ್ಯವಾದದ್ದಕ್ಕೇ ಹೊರಳುತ್ತಿದ್ದರು. ಕೊನೆಗೆ ಪಟ್ಟಿ ಬದಿಗಿಟ್ಟು ಅವರು ಹೋದ ಕಡೆಗೇ ಹೋಗಲು ಸಂದರ್ಶಕರು ಕಲಿತರು. ಕಾರ್ಯದರ್ಶಿಯವರು ಹೇಳಿದ ಅಜ್ಜಿಯ ಇಪ್ಪತ್ತು ನಿಮಿಷ ನೆನಪಿಗೆ ಬಂತು.

---

ಹೊಸಮೇಲ್ವಿಚಾರಕಿ

ಮಾಡಿ ನೋಡಿದೆ. ನೀವು ಅನುಮಾನಿಸಿದ್ದು ನಿಜ, ಸೋಮಾರಿತನ ಅಂತಲೇ ಅಂದುಕೊಂಡಿದ್ದೆ. ನಾನು ಹೇಳಿದೆ: "ಅಂದ್ರೆ ಅಣ್ಣ, ವಾರ ವಾರ ಶುರು ಮಾಡೋದ್ರಿಂದ ಪ್ರಯೋಜನ ಇಲ್ಲ, ಡೀಸೆಲ್ ಮಾತ್ರ ಖರ್ಚು ಅಂತೀರಾ?" ಅವರು ಅಲ್ಲ ಅಂದರು. ಲೋಡ್ (ಕಟ್ಟಡದ ಕರೆಂಟ್ ಬಳಕೆ) ಹಾಕದೆ ಐದು ನಿಮಿಷ ಸುಮ್ಮನೆ ಓಡಿಸಿ ನಿಲ್ಲಿಸುವುದರಿಂದ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಉರಿಯದ ಇಂಧನ, ಮಸಿ ಹೊಗೆಕೊಳವೆಯಲ್ಲಿ ಕೂಡುತ್ತದೆ, ಅದಕ್ಕೆ ತಿಂಗಳಿಗೊಮ್ಮೆ ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ ಅನ್ನುವುದು ಅವರ ಮಾತು. ಹಿಂದಿನ ಮೇಲ್ವಿಚಾರಕರಿಗೆ ಎರಡು ಸಲ ಹೇಳಿದ್ದರಂತೆ.

ವಾರದ ಪರೀಕ್ಷೆಯನ್ನು ನಾನು ಬಿಟ್ಟುಕೊಡಲಿಲ್ಲ, ಬ್ಯಾಟರಿ ಸರಿಯಿದೆಯೋ ಇಲ್ಲವೋ ತಿಳಿಯಬೇಕಲ್ಲ. ಆದರೆ ತಿಂಗಳಿಗೊಮ್ಮೆ ಲೋಡ್ ಹಾಕಿ ಓಡಿಸುವುದು ಈಗ ಪಟ್ಟಿಗೆ ಸೇರಿತು, ಅದನ್ನು ಬರೆದದ್ದೂ ಅವರೇ. ಜಗಳ ಆಗಲಿಲ್ಲ.

---

ಮಹಡಿಮೆಟ್ಟಿಲು

ತಂಗಿ, ಓದಿ ಸಂತೋಷವಾಯಿತು. ಒಂದು ಸಣ್ಣ ಮಾತು ಸೇರಿಸಲೇ? ನಮ್ಮವರು ಮಾತಾಡುವಾಗ ಕೂರಿಸಿ ಮಾತಾಡಿಸು. ನಾವು ಕುರ್ಚಿಯಲ್ಲಿ, ಅವರು ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದರೆ ಎರಡು ವಾಕ್ಯದ ಮೇಲೆ ಮಾತು ಹೊರಡುವುದಿಲ್ಲ. ಅದಕ್ಕಿಂತ ನಾವೇ ಅವರಿರುವ ಕಡೆ ಹೋಗುವುದು ಇನ್ನೂ ಒಳ್ಳೆಯದು. ವಸ್ತು ಎದುರಿಗಿದ್ದರೆ ಹೆಸರು ಗೊತ್ತಿಲ್ಲದಿದ್ದರೂ ಬೆರಳಿಟ್ಟು ತೋರಿಸುತ್ತಾರೆ. ಮತ್ತೆ ಫೋನು ಜೇಬಿನಲ್ಲಿರಲಿ.

---

ಐದುಸೈಟು

ಮೂರು ವಾರ ಕಳೆದು ಬರೆಯುತ್ತಿದ್ದೇನೆ. ರಾತ್ರಿಗೇಟು ಅವರು ಬರೆದ ಪಾಳಿಯ ಸಮಯದ ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ಐದರಲ್ಲಿ ಒಂದು ಸೈಟಿನಲ್ಲಿ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಮೇಲ್ವಿಚಾರಕರು ಗೇಟಿನಲ್ಲೇ 15 ನಿಮಿಷ ಇರಬೇಕು ಅಂತ ಮಾಡಿದೆ. ಮೊದಲ ವಾರ ನಾನೂ ಹೋದೆ. ಕೇಳುವುದು ಒಂದೇ ಪ್ರಶ್ನೆ: ನಿನ್ನೆಗಿಂತ ಬೇರೆ ಅನ್ನಿಸಿದ್ದೇನು?

ಆದದ್ದನ್ನು ಆದ ಹಾಗೇ ಹೇಳುತ್ತೇನೆ. ಮೊದಲ ನಾಲ್ಕು ದಿನ "ಏನಿಲ್ಲ ಸರ್." ಐದನೇ ದಿನ ಇಬ್ಬರು ಗಾರ್ಡುಗಳು ಒಬ್ಬರ ಮೇಲೊಬ್ಬರು ದೂರು ಹೇಳಿ ಜಗಳವಾಡಿದರು. ಅದಕ್ಕೆ ಬೇರೆ ಸಮಯ ಕೊಡುತ್ತೇನೆ ಅಂದೆ, ಕೊಟ್ಟೆ ಕೂಡ. ಎರಡನೇ ವಾರ ಒಬ್ಬರು ಬೆಂಕಿ, ಹೊಗೆ ತಡೆಯುವ ಮೆಟ್ಟಿಲಿನ ಫೈರ್ ಡೋರ್ ತಾನಾಗಿ ಮುಚ್ಚುತ್ತಿಲ್ಲ, ಯಾರೋ ಇಟ್ಟಿಗೆ ಅಡ್ಡ ಇಡುತ್ತಾರೆ ಅಂದರು. ಹೋಗಿ ನೋಡಿದರೆ ಮೂರು ಮಹಡಿಯಲ್ಲಿ ಬಾಗಿಲನ್ನು ತಾನಾಗಿ ಮುಚ್ಚಿಸುವ ಕ್ಲೋಸರ್ ಕೆಟ್ಟಿತ್ತು. ನಮ್ಮ ಟಿಕೆಟ್ ವ್ಯವಸ್ಥೆಯಲ್ಲಿ ಆ ಬಗ್ಗೆ ಒಂದೇ ಒಂದು ದೂರು ಇರಲಿಲ್ಲ. ಇರುವುದಾದರೂ ಹೇಗೆ? ಬಾಗಿಲು ತೆರೆದಿದ್ದರೆ ನಿವಾಸಿಗಳಿಗೆ ಓಡಾಡಲು ಅನುಕೂಲ. ಗ್ರೆನ್‌ಫೆಲ್ ಬಗ್ಗೆ ಓದಿದ ಮೇಲೆ ಆ ಬಾಗಿಲುಗಳನ್ನು ನೋಡುವಾಗ ಮೈ ಜುಮ್ಮೆಂದಿತು.

ಐದೂ ಸೈಟಿನಲ್ಲಿ ಇದನ್ನು ನಾನೇ ಮಾಡಲಾರೆ, ಆ ಮಾತು ಈಗಲೂ ಹೇಳುತ್ತೇನೆ. ಪ್ರತಿ ಸೈಟಿನ ಮೇಲ್ವಿಚಾರಕರು ಮಾಡಬೇಕು. ಅವರು ಹೇಳಿದ್ದನ್ನು ನಾನು ಕೇಳಬೇಕು. ಟಿಕೆಟ್ ವ್ಯವಸ್ಥೆ ಇರಲಿ. ಅದರಲ್ಲಿ "ಮುಚ್ಚಲಾಗಿದೆ" ಅಂತ ಒತ್ತುವ ಮೊದಲು ಹೇಳಿದವರಿಗೆ ತಿಳಿಸಿದಿರಾ ಅನ್ನುವ ಒಂದು ಸಾಲು ಸೇರಿಸಿದ್ದೇನೆ. ಬೀಗದಕೈ ಅವರಿಗೆ ಕೊರಗಬೇಡಿ ಅಂದಿದ್ದೆ. ಆ ಕೊರಗಿನಿಂದಲೇ ಇದೆಲ್ಲ ಬಂತು, ಹಾಗೆ ಹೇಳಬಾರದಿತ್ತು.

---

ಬೀಗದಕೈ

ಐದುಸೈಟು ಸರ್, ನಿಮ್ಮ ಮಾತು ಓದಿ ಗಂಟಲು ಕಟ್ಟಿತು. ಧನ್ಯವಾದ.

ನನ್ನ ಕಡೆಯದ್ದೂ ಹೇಳುತ್ತೇನೆ. ಹೊಸ ಬ್ಲಾಡರ್, ಹೊಸ ಮೋಟಾರ್ ಆಯಿತು. ಟ್ಯಾಂಕಿನ ಗಾಳಿಯ ಒತ್ತಡವನ್ನು ತಿಂಗಳಿಗೊಮ್ಮೆ ನೋಡಿ ಬರೆಯುವುದು ಶುರುವಾಯಿತು. ಆ ಗಾರ್ಡ್ ಹತ್ತಿರ ಬೆಳಿಗ್ಗೆ ಆರಕ್ಕೆ ಹೋಗಿ, ತಂಡದವರು ಇದ್ದಾಗಲೇ, ನೀವು ಹೇಳಿದ್ದು ಸರಿ ಇತ್ತು, ನಾನು ಕೇಳಲಿಲ್ಲ ಅಂತ ಹೇಳಿದೆ. ಅವರು ಏನೂ ಅನ್ನಲಿಲ್ಲ, ಟೋಪಿ ಸರಿಮಾಡಿಕೊಂಡರು. ಎರಡು ವಾರ ಲಾಗ್ ಬುಕ್ಕಿನಲ್ಲಿ "ಎಲ್ಲ ಸರಿ" ಅಂತಲೇ ಇತ್ತು. ನಂಬಿಕೆ ಅಷ್ಟು ಬೇಗ ಬರುತ್ತದೆ ಅಂತ ನಾನೂ ಎಣಿಸಿರಲಿಲ್ಲ.

ಇವತ್ತು ಬೆಳಿಗ್ಗೆ ನಾನು ಗೇಟಿಗೆ ಹೋದಾಗ ಅವರೇ ಬುಕ್ ತೆರೆದು ತೋರಿಸಿದರು. "ಬಿ ಬ್ಲಾಕ್ ಹಿಂದಿನ ವಾಲ್ವ್ ಹತ್ತಿರ ರಾತ್ರಿ ಮೂರಕ್ಕೆ ನೀರು ಹರಿಯೋ ಸದ್ದು. ಆ ಹೊತ್ತಲ್ಲಿ ಯಾರ ಮನೆಯಲ್ಲೂ ಲೈಟ್ ಇರಲ್ಲ." ನೆಲದಡಿಯ ಪೈಪೋ, ಯಾರದೋ ಮನೆಯ ಫ್ಲಶ್ ಟ್ಯಾಂಕೋ ಇನ್ನೂ ತಿಳಿಯದು. ಎಷ್ಟು ದಿನದಿಂದ ಅಂತ ಕೇಳಿದೆ. ನಾಲ್ಕು ರಾತ್ರಿ ಅಂದರು. ವಾಲ್ವಿನ ಈ ಕಡೆ ಜೋರೋ ಆ ಕಡೆ ಜೋರೋ ಅಂದೆ. "ಅದು ಗೊತ್ತಾಗಬೇಕಂದ್ರೆ ಬಂದು ನಿಂತು ಕೇಳಬೇಕು ಸರ್" ಅಂದರು.

ಮೂರು ಗಂಟೆಗೆ ಅಲಾರಂ ಇಟ್ಟಿದ್ದೇನೆ. ಪ್ಲಂಬರ್‌ಗೂ ಹೇಳಿದ್ದೇನೆ. ಏನು ಸಿಕ್ಕಿತು ಅಂತ ನಾಳೆ ಬರೆಯುತ್ತೇನೆ.